ಊದಿದ ವಸಡು

"ತುಟಿ ಮ್ಯಾಲೆತ್ತವಾ. ಹೆದರಬ್ಯಾಡ."

ಸಬ್‌ಇನ್‌ಸ್ಪೆಕ್ಟರ್ ಈರಣ್ಣ ಹುಡುಗಿಯ ಬಾಯೊಳಗೆ ಟಾರ್ಚ್ ಹಿಡಿದ. ವಸಡು ಊದಿ ಅರ್ಧ ಹಲ್ಲನ್ನು ನುಂಗಿತ್ತು. ಈ ಗುರುತು ಇಲ್ಲಿ ಸಿಗದಿರಲಿ ಎಂದು ಹಾರೈಸುತ್ತಲೇ ಧಾರಾವಿಯ ಆ ಚಾಳಿಗೆ ಬಂದಿದ್ದ.

ದೂರು ಬಂದದ್ದು 1954ರ ಮಾರ್ಚ್ 9, ಬೆಳಿಗ್ಗೆ 11:20ಕ್ಕೆ. ಸಾಂತಾಕ್ರೂಜಿನ ಹೋಟೆಲೊಂದರ ಅಡಿಗೆಯವ ಚೆನ್ನಯ ಮೂರ್ಛೆ ಬಂದು ಕಾದ ದೋಸೆಕಲ್ಲಿನ ಮೇಲೆ ಬಿದ್ದು ಬಲಗೈ ಸುಟ್ಟುಕೊಂಡಿದ್ದ. ಅದಕ್ಕೆ ಮೊದಲು ನಾಲ್ಕು ತಿಂಗಳು ಅವನಿಗೆ ಒಂದೂ ಫಿಟ್ಸ್ ಬಂದಿರಲಿಲ್ಲ. ಅವನ ಔಷಧಿ ಸೀಸೆ ಪರೀಕ್ಷಿಸಿದರೆ ಒಳಗಿದ್ದದ್ದು ಬರೀ ಸೋಡಾ ಗುಳಿಗೆ. ಎಫ್.ಐ.ಆರ್. ಬರೆಸಿದವರು ಡಾಕ್ಟರ್ ಕಾಂತಪ್ಪ. ಮೂರ್ಛೆರೋಗದ ಹೊಸ ಮಾತ್ರೆಯ ಮೇಲೆ ಸಂಶೋಧನೆ ನಡೆಸುತ್ತಿದ್ದವರು ಅವರೇ. ನಲವತ್ತು ರೋಗಿಗಳು, ಚೀಟಿ ಎತ್ತಿಸಿ ಚೆನ್ನಯನೂ ಸೇರಿ ಇಪ್ಪತ್ತು ಮಂದಿಗೆ ಮಾತ್ರೆ, ಉಳಿದವರಿಗೆ ಹಳೆಯ ಬ್ರೋಮೈಡ್ ಮಿಕ್ಸ್ಚರ್.

"ಮಾತ್ರೆ ತಿಂದವರ ಗುರುತು ಏನರ ಐತೇನ್ರಿ?" ಎಂದು ಈರಣ್ಣ ಕೇಳಿದ್ದ.

"ಉಂಟು. ಎರಡು ತಿಂಗಳಾದರೆ ಕೆಲವರ ವಸಡು ಊದ್ತದೆ. ಮಿಕ್ಸ್ಚರಿನವರಿಗೆ ಹಾಗೆ ಆಗುದಿಲ್ಲ."

ಆಸ್ಪತ್ರೆಯ ಔಷಧಿ ಕೋಣೆಗೆ ಹೋಗುತ್ತಿದ್ದ ಐವರಲ್ಲಿ ಮನೆಯಲ್ಲಿ ಮೂರ್ಛೆಯವರಿದ್ದದ್ದು ಆಯಾ ಚನ್ನವ್ವನಿಗೆ ಮಾತ್ರ. ಮಗಳು ಬಸಲಿಂಗವ್ವನಿಗೆ ಬಂದದ್ದು ಮಿಕ್ಸ್ಚರ್ ಚೀಟಿ. ತಾಯಿ ಹೇಳಿದಂತೆ ರಿಜಿಸ್ಟರಿನಲ್ಲಿ ವಾರಕ್ಕೆರಡು ಫಿಟ್ಸ್ ದಾಖಲಾಗಿತ್ತು. ಆದರೆ 12ರ ಮಧ್ಯಾಹ್ನ ಚಾಳಿನ ನಳದ ಬಳಿ ನೆರೆಯ ಗಂಗುಬಾಯಿ ನಕ್ಕಿದ್ದಳು. "ಫಿಟ್ಸಾ? ಸಂಕ್ರಾಂತಿಯಿಂದ ಒಂದೂ ಇಲ್ರಿ ಸಾಹೇಬ್ರ. ಮೊದಲ ಮೂಲ್ಯಾಗ ಕುಂಡ್ರಿಸಿದ ಗೊಂಬಿ. ಈಗ ನೋಡ್ರಿ, ನೀರಿನ ಪಾಳಿಗೆ ನನ್ನ ಜೋಡಿನ ಜಗಳಕ್ಕ ನಿಂದರತಾಳ, ಭಂಡಿ!"

ಈರಣ್ಣ ಟಾರ್ಚ್ ಆರಿಸಿ ಚನ್ನವ್ವನ ಕಡೆ ತಿರುಗಿದ.

"ಎಲ್ಲಿ ಇಟ್ಟೀ?"

ಅವಳು ಜೋಳದ ಡಬ್ಬಿ ತಂದಿಟ್ಟಳು.

"ಮೊದಲ ಎಲ್ಲಾರ ಸೀಸ್ಯಾಗಿಂದ ಒಂದೊಂದ ತಗೊಂಡ್ನಿರಿ. ಆಮ್ಯಾಲೆ ಎಣಿಸಾಕ ಹತ್ತಿದ್ರು. ಆಗ ಒಬ್ಬಾಂದ ಪೂರಾ ಬದಲ ಮಾಡಿದೆ."

"ಅವಂದ ಯಾಕ?"

"ಅವಗ ಆರಾಮ ಆಗಿತ್ತಲ್ರಿ. ಆರಾಮ ಆದಾಂವಗ ಔಷಧ ಯಾಕ ಬೇಕು ಅನಕೊಂಡೆ."

"ಕೈ ಸುಟಗೊಂಡ ಬಿದ್ದಾನ."

ಚನ್ನವ್ವ ಹಣೆಯನ್ನು ಗೋಡೆಗೆ ಒತ್ತಿದಳು. "ಮಿಕ್ಸ್ಚರ್ ಕುಡದು ಕುಡದು ಇಕಿ ನನ್ನ ಗುರುತಽ ಮರ್ತಿದ್ಲು. ಸಂಕ್ರಾಂತಿ ಆದಮ್ಯಾಲೆ ಒಂದಿನ, ಅವ್ವಾ ಹಸವಾಗೇತಿ ಅಂದ್ಲು. ಮೂರು ವರ್ಷದ ಮ್ಯಾಲೆ, ಸಾಹೇಬ್ರ."

ಇಬ್ಬರು ಪಂಚರ ಎದುರು ಪಂಚನಾಮೆ ಆಯಿತು. ಮೂವತ್ತೊಂದು ಮಾತ್ರೆಗಳಿಗೆ ಅರಗಿನ ಮುದ್ರೆ ಬಿತ್ತು. 4:10ಕ್ಕೆ ಬಂಧನ. ಮಾತ್ರೆ ಗುರುತಿಸಲು ಬಂದಿದ್ದ ಡಾಕ್ಟರನ್ನು ಈರಣ್ಣ ಪಕ್ಕಕ್ಕೆ ಕರೆದ.

"ಈ ಹುಡುಗಿ ಗತಿ?"

"ಒಮ್ಮೆಲೇ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ."

"ಹಂಗಾದ್ರ ಮಾತ್ರೆ ಕೊಡ್ರಿ!"

"ಎಲ್ಲಿಂದ ಮಾರಾಯ್ರೆ? ಡಬ್ಬಿಯದ್ದಕ್ಕೆ ನೀವು ಕೋರ್ಟಿಗೆ ಅಂತ ಮುದ್ರೆ ಹಾಕಿದ್ರಿ. ಇರುದು ಇಪ್ಪತ್ತು ಜನರಿಗೆ ಅಳೆದು ಇಟ್ಟದ್ದು. ಇವಳಿಗೆ ಕೊಟ್ರೆ ಇನ್ನೊಬ್ಬ ಬೀಳ್ತಾನೆ. ಮುಂದಿನ ಹಡಗು ಬರ್ಲಿಕ್ಕೆ ಒಂದು ತಿಂಗಳು ಉಂಟು. ಅಲ್ಲಿವರೆಗೆ ಮಿಕ್ಸ್ಚರೇ ಗತಿ."

ಡಾಕ್ಟರ್ ಚೀಲದಿಂದ ಬಾಟಲಿ ತೆಗೆದು ಲೋಟಕ್ಕೆ ಸುರಿದರು. ಈರಣ್ಣ ಮೊಣಕಾಲೂರಿ ಅದನ್ನು ಹುಡುಗಿಯ ಮುಂದೆ ಹಿಡಿದ.

"ಒಂದಽ ತಿಂಗಳ, ತಂಗಿ."

"ಕುಡಿ, ನನ್ನ ಕೂಸ. ಜೀವ ಉಳೀತೈತಿ," ಎಂದಳು ಬಾಗಿಲಲ್ಲಿ ಪೇದೆಯ ಪಕ್ಕ ನಿಂತ ಚನ್ನವ್ವ.

ಬಸಲಿಂಗವ್ವ ಲೋಟ ನೋಡಿದಳು. ಅವ್ವನನ್ನು ನೋಡಿದಳು.

"ನಾ ಕುಡಿಯೂದಿಲ್ಲ," ಎಂದಳು.