ಈ ಕೈರುಚಿ ಯಾರದು?

"ನಿಲ್ಲಿ! ಆ ಬಟ್ಟಲನ್ನು ಒಳಗೆ ತಗೊಂಡು ಹೋಗ್ಬೇಡಿ..."

ಕುಸುಮಾವತಿ ಬೆಚ್ಚಿ ನಿಂತಳು. ಅಣ್ಣ ಕೃಷ್ಣರಾಜ ಊಟಕ್ಕೆ ಕರೆತಂದಿದ್ದ ಹೊಸ ಅತಿಥಿ ಜಯಕರ, ಅವಳ ಕೈಯಲ್ಲಿದ್ದ ಬಟ್ಟಲನ್ನೇ ನೋಡುತ್ತಿದ್ದ.

"ಅದರಲ್ಲಿ ಇನ್ನೂ ಸ್ವಲ್ಪ ಉಂಟಲ್ವಾ?"

ಅಯ್ಯೋ, ಮೊದಲ ಭೇಟಿಯಲ್ಲೇ ಇಷ್ಟು ಆಸೆಬುರುಕನಾ! ಅವಳಿಗೆ ನಗು ತಡೆಯಲಾಗಲಿಲ್ಲ.

ಅದು ೧೯೭೨ರ ಬೇಸಿಗೆ. ಕಲ್ಕತ್ತೆಯ ಬಾಲಿಗಂಜಿನ ಆ ಪುಟ್ಟ ಫ್ಲ್ಯಾಟಿನಲ್ಲಿ ಅಣ್ಣ ತಂಗಿ ಇಬ್ಬರೇ. ಜಯಕರನೂ ಅಣ್ಣನ ಬ್ಯಾಂಕಿನವನೇ, ಆದರೆ ಡಾಲ್‌ಹೌಸಿ ಶಾಖೆಯವನು. ಉಡುಪಿಯಿಂದ ವರ್ಗವಾಗಿ ಬಂದು ಮೆಸ್ಸಿನ ಊಟದಿಂದ ಬೇಸತ್ತುಹೋಗಿದ್ದ.

"ಇದಕ್ಕೆ ಎಂತ ಹಾಕಿದ್ದೀರಿ?"

"ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು. ತೆಂಗಿನಕಾಯಿ, ನೆನೆಸಿದ ಸಾಸಿವೆ ನುಣ್ಣಗೆ ಅರೆದು ಸೇರಿಸೋದು. ಸಾಸಿವೆ ಜೊತೆಗೇ ಉಪ್ಪು, ಹಸಿಮೆಣಸು ಹಾಕಿ ಅರೀಬೇಕು, ಇಲ್ಲಾಂದ್ರೆ ಕಹಿ ಆಗ್ತದೆ. ಕೊನೆಗೆ ಇಲ್ಲಿನ ಗಂಧರಾಜ ನಿಂಬೆ."

ಕರಾವಳಿಯ ಸಾಸಿವೆಗೆ ಬಂಗಾಳದ ನಿಂಬೆ! ಬೆಣ್ಣೆಯ ಹಾಗಿದ್ದ ಅದನ್ನು ಅವನು ಸೌತೆಕಾಯಿಗೆ ಸುರಿದುಕೊಂಡ, ಕ್ಯಾರೆಟ್ಟಿಗೆ ಸುರಿದುಕೊಂಡ, ಬೇಯಿಸಿದ ಕಡಲೆಯನ್ನೂ ಬಿಡಲಿಲ್ಲ. ಉಳಿದದ್ದನ್ನು ತಣ್ಣಗಿನ ಅನ್ನಕ್ಕೆ ಕಲಸಿದ.

"ಎಷ್ಟು ಚಂದ ಮಾಡ್ತೀರಿ ಮಾರಾಯ್ರೆ!"

ಆಮೇಲೆ ಪ್ರತಿ ಭಾನುವಾರವೂ ಅಡುಗೆ ಮುಗಿಯುವ ಮೊದಲೇ ಬಂದ. ಹೊರಡುವಾಗ ಸೋಮವಾರದ ಊಟಕ್ಕೆಂದು ಅವಳು ಒಂದು ಬಾಟಲಿ ತುಂಬಿ ಕೊಡುತ್ತಿದ್ದಳು. ವಾರವಿಡೀ ಅವಳಿಗೆ ಅವನದೇ ಧ್ಯಾನ.

ಒಂದು ದಿನ, ಅತ್ತಿಗೆಯಂತಿದ್ದ ಕೆಳಮನೆಯ ನೀಲಿಮಾ ಬೌದಿ ಮೆಟ್ಟಿಲಲ್ಲೇ ಹಿಡಿದು ನಿಲ್ಲಿಸಿದಳು. ಅವಳ ಗಂಡ ಜಯಕರನ ಶಾಖೆಯಲ್ಲೇ ಗುಮಾಸ್ತ.

"ಕುಸುಮ್, ಜಯಕರಬಾಬು ನಿಮ್ಮೂರಿನ ಕಡೆಯವರಲ್ಲವೇ? ಅವರ ಹೆಂಡತಿಯ ಕೈರುಚಿ ಏನೆನ್ನಲಿ! ಆ ಮೊಸರು-ಸಾಸಿವೆಗೆ ಸೋಮವಾರ ಆಫೀಸೇ ಕಾಯುತ್ತದಂತೆ. ಮಾಡುವ ಕ್ರಮ ಅವಳಿಂದ ಕೇಳಿಕೊಡು!"

"ಹೆಂಡತಿ ಅಂತ... ಅವರೇ ಹೇಳಿದರಾ?"

"ಮತ್ತೆ? ಕೇಳಿದ್ದಕ್ಕೆ ಹೌದು ಎಂದರಂತೆ."

ಕುಸುಮಾ ಸರಸರನೆ ಮೆಟ್ಟಿಲೇರಿದಳು. ಅರೆದವಳು ನಾನು, ಹೆಸರು ಇನ್ಯಾರಿಗೋ! ಅದಾದರೂ ಹೋಗಲಿ... ಮದುವೆಯಾಗಿದೆ ಎಂದು ಒಂದು ಮಾತು ಹೇಳಬಾರದಿತ್ತೇ? ನಾನೆಂಥ ಪೆದ್ದಿ!

ಭಾನುವಾರ ಬಂತು. ತಟ್ಟೆಯಲ್ಲಿ ಬರೀ ಸೌತೆಕಾಯಿ ಹೋಳುಗಳು.

"ಇವತ್ತು ಅದು ಇಲ್ವಾ?" ಜಯಕರ ಮೆಲ್ಲಗೆ ಕೇಳಿದ.

"ನಿಮ್ಮ ಹೆಂಡತಿ ಹತ್ರ ಕೇಳಿ. ಆಫೀಸಿಗೆಲ್ಲ ಅವರೇ ಮಾಡಿ ಕಳಿಸೋದಂತಲ್ಲ!"

ಕೃಷ್ಣರಾಜ ಎತ್ತಿದ ತುತ್ತನ್ನು ಹಾಗೇ ಹಿಡಿದು ಕುಳಿತ. ಜಯಕರನ ಮುಖ ಕೆಂಪೇರಿತು.

"ನಂಗೆ ಹೆಂಡತಿ ಇಲ್ಲ ಕುಸುಮಾ! ಆಫೀಸಲ್ಲಿ ಬಾಟಲಿ ತೆರೆದಾಗ, ಹೆಂಡತಿ ಮಾಡಿದ್ದಾ ಅಂತ ಅಲ್ಲಿಯವರು ಕೇಳಿದ್ರು. ಇಲ್ಲ ಅನ್ಲಿಕ್ಕೇ ಹೊರಟೆ... ನಿಮ್ಮ ಮುಖ ನೆನಪಾಯ್ತು. ಹೌದು ಅಂದುಬಿಟ್ಟೆ. ಆಮೇಲೆ ತಿದ್ಲಿಕ್ಕೆ ಮನಸ್ಸೇ ಬರ್ಲಿಲ್ಲ."

"ನನ್ನನ್ನು ಒಂದು ಮಾತು ಕೇಳದೆಯೇ?"

"ತಪ್ಪಾಯ್ತು..." ಅವನು ದಿಕ್ಕು ತೋಚದೆ ಕೃಷ್ಣರಾಜನತ್ತ ನೋಡಿದ.

"ನನ್ನನ್ನು ಎಂತಕ್ಕೆ ನೋಡೋದು? ಅವಳನ್ನೇ ಕೇಳು!" ಎಂದು ಕೃಷ್ಣರಾಜ, ಊಟ ಅರ್ಧವಿದ್ದರೂ ಕೈತೊಳೆಯಲು ಎದ್ದುಹೋದ. ಅಷ್ಟು ಬುದ್ಧಿವಂತಿಕೆ ಅವನಿಗಿತ್ತು.

"ನನ್ನನ್ನು ಮದುವೆ ಆಗ್ತೀರಾ ಕುಸುಮಾ? ಈ ಸಾಸಿವೆಯ ಆಸೆಗಲ್ಲ. ಅದನ್ನು ಕಲಸುವಾಗ ನಿಮ್ಮ ಹುಬ್ಬು ಗಂಟಾಗ್ತದೆ. ರುಚಿ ಹದಕ್ಕೆ ಬಂದ ಕೂಡ್ಲೆ ನಿಮ್ಮಷ್ಟಕ್ಕೇ ನಗ್ತೀರಿ. ಅದನ್ನು ನೋಡ್ಲಿಕ್ಕೇ ನಾನು ಇಷ್ಟು ಬೇಗ ಬರೋದು."

ಅವಳ ಕಣ್ಣು ತುಂಬಿ ಬಂತು. ಇಷ್ಟು ದಿನ ಅಡುಗೆಯನ್ನು ಎಲ್ಲರೂ ಹೊಗಳಿದ್ದರು. ಅಡುಗೆ ಮಾಡುವವಳನ್ನು ಹೀಗೆ ನೋಡಿದವನು ಇವನೊಬ್ಬನೇ!

"ಮೊದಲು ಆಫೀಸಿನಲ್ಲಿ ನನ್ನ ಹೆಸರು ಹೇಳ್ಬೇಕು. ಇದು ಕುಸುಮಾವತಿ ಮಾಡಿದ್ದು ಅಂತ."

"ನಾಳೆಯೇ ಹೇಳ್ತೇನೆ. ಆದ್ರೆ... ಕುಸುಮಾವತಿ ಅಂದ್ರೆ ಯಾರು ಅಂತ ಕೇಳಿದ್ರೆ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮೊದಲು ಹೇಳಿದ್ದನ್ನೇ ಹೇಳಿ. ಇನ್ನು ಅದು ಸುಳ್ಳಲ್ಲ."