ಅತ್ತೆಯ ಡ್ರಮ್ಮು, ಧಣಿಯ ಲೋಟ

ಬಣ್ಣದ ಕಾರ್ಖಾನೆಯ ಧಣಿ ಏಳು ವರ್ಷ ಕಾಲುವೆಗೆ ಕೆಂಪು ನೀರು ಬಿಟ್ಟ. ದಡದ ಕೇರಿಯ ಮಕ್ಕಳ ಕಾಲಲ್ಲಿ ಹುಣ್ಣಾಯಿತು.

ದೂರು ಕೊಟ್ಟವರ ಬಾಯಿ ಮುಚ್ಚಿಸುವುದು ನನ್ನ ಉದ್ಯೋಗ. ಧಣಿಯ ಆಳು ನಾನು.

ಆವತ್ತು ಬೆಳಿಗ್ಗೆ ಹತ್ತಕ್ಕೆ ನನ್ನ ಕತ್ತಿನ ಹಿಂದೆ ಇಸ್ತ್ರಿಪೆಟ್ಟಿಗೆ ಇತ್ತು. ಕಾದ ಇಸ್ತ್ರಿಪೆಟ್ಟಿಗೆ!

"ಅಲುಗಾಡಿದ್ರೆ ಕಾಲರ್ ಜೊತೆ ಕತ್ತಿಗೂ ಮಡಿಕೆ ಬೀಳುತ್ತೆ."

ದನಿ ಗುರುತು ಸಿಕ್ಕಿತು. ಚೂರಿಗೆ ಹೆದರದ ನಾನು ತೊದಲಿದೆ.

"ಅತ್ತೇ... ನಾನು!"

"ಅಯ್ಯೋ, ಅಳಿಯಂದ್ರಾ? ಗೋಡೆ ಹಾರಿ ಬರೋ ಅಳಿಯಂದ್ರನ್ನ ಇವತ್ತೇ ನೋಡಿದ್ದು."

ದಡದಲ್ಲಿ ಅತ್ತೆಯದೊಂದು ಲಾಂಡ್ರಿ. ಒಗೆಯಲು ಕೊಟ್ಟ ಬಿಳಿ ಶರ್ಟೆಲ್ಲ ಗುಲಾಬಿಯಾಗಿ ಗಿರಾಕಿಗಳು ಉಗಿದ ಮೇಲೆ ಅವಳೇ ದಾರಿ ಹುಡುಕಿದಳು. ಜ್ಯೂಸ್ ಅಂಗಡಿಯವನು ಎಸೆಯುವ ಕಿತ್ತಳೆ ಸಿಪ್ಪೆ! ತೊಳೆದು, ಒಣಗಿಸಿ, ಪುಡಿ ಮಾಡಿ ಡ್ರಮ್ಮಿಗೆ ತುಂಬಿದಳು. ಮೇಲಿಂದ ಕೆಂಪು ನೀರು ಸುರಿದರೆ ಕೆಳಗೆ ತಿಳಿ ನೀರು. ಬಣ್ಣವೆಲ್ಲ ಸಿಪ್ಪೆಗೆ ಅಂಟಿಕೊಳ್ಳುತ್ತಿತ್ತು.

ಧಣಿಗೆ ಸುದ್ದಿ ಮುಟ್ಟಿತು. ಫೋನಿನಲ್ಲಿ ಗುಡುಗಿದ್ದ: "ಹನ್ನೊಂದಕ್ಕೆ ಅಧಿಕಾರಿ ಮೇಡಂ ತೊಟ್ಟಿ ನೀರು ನೋಡೋಕೆ ಬರ್ತಾರೆ. ಆ ಪುಡಿ ಎತ್ಕೊಂಡು ಬಾ. ನೀರು ತಿಳಿಯಾಗದಿದ್ರೆ ಫ್ಯಾಕ್ಟರಿಗೆ ಬೀಗ. ನಿನ್ನ ಬಾಯಲ್ಲಿ ಹಲ್ಲಿರಲ್ಲ!"

ಲಾಂಡ್ರಿಯ ಹಿತ್ತಿಲಲ್ಲಿ ಎರಡು ಸಾಲು ಮೂಟೆ. ಒಂದರಲ್ಲಿ ಮಾಸಲು ಪುಡಿ, ಇನ್ನೊಂದರಲ್ಲಿ ಕಡುಗೆಂಪು. ನಾನೇನು ದಡ್ಡನೇ? ಚಹಾಪುಡಿಯಾದರೂ ಬಣ್ಣ ಗಾಢವಿದ್ದರೇ ಸ್ಟ್ರಾಂಗು. ಕೆಂಪು ಮೂಟೆಯನ್ನೇ ಹೆಗಲಿಗೇರಿಸಿದ್ದೆ.

ಅತ್ತೆ ಮೂಟೆ ನೋಡಿದಳು. ನನ್ನನ್ನು ನೋಡಿದಳು. ಇಸ್ತ್ರಿಪೆಟ್ಟಿಗೆ ಕೆಳಗಿಳಿಯಿತು.

"ತಗೊಂಡ್ಹೋಗಿ. ಅಂಥವೇ ಇನ್ನೂ ನಾಲ್ಕಿವೆ, ಅವನ್ನೂ ಹೊತ್ಕೊಳ್ಳಿ."

ಆಗಲೇ ಅನುಮಾನ ಬರಬೇಕಿತ್ತು... ಮಗಳನ್ನು ಕೊಡುವಾಗಲೂ ಹೀಗೇ ನಕ್ಕಿದ್ದಳು!

ಟೆಂಪೋ ಹಾರಿಸಿದೆ. ಹಿಂದೆ ಕೇರಿಯ ನಾಯಿಗಳು. ಒಂದು ನನ್ನ ಚಪ್ಪಲಿ ಕಿತ್ತುಕೊಂಡಿತು. ಹತ್ತು ಐವತ್ತಕ್ಕೆ ಕಾರ್ಖಾನೆಯ ತೊಟ್ಟಿಗೆ ಐದೂ ಮೂಟೆ ಸುರಿದೆ.

ತೊಟ್ಟಿಯಲ್ಲಿ ಕಾರ್ಖಾನೆ ಆಗಷ್ಟೇ ಬಿಟ್ಟ ಬಿಸಿನೀರು. ಅದರ ಕಾವಿಗೆ ಸಿಪ್ಪೆ ಬಣ್ಣ ಬಿಡತೊಡಗಿತು...

ಅದು ಬಳಸಿ ಮುಗಿದ ಸಿಪ್ಪೆ! ಹೊಟ್ಟೆ ಬಿರಿಯ ಬಣ್ಣ ಕುಡಿದು ಕೂತ ಸಿಪ್ಪೆ! ಧಣಿಯ ಬಣ್ಣವನ್ನು ಧಣಿಯ ಮನೆಗೇ ಬಂದು ಕಕ್ಕಿತು. ತೊಟ್ಟಿ ಹಿಂದೆಂದೂ ಅಷ್ಟು ಕೆಂಪಗಿರಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಬಂದ ಮೇಡಂ ಬಗ್ಗಿ ನೋಡಿದರು. "ಏನ್ರೀ ಇದು?"

"ಬರೀ ಬಣ್ಣ ಮೇಡಂ. ಹಾನಿ ಏನಿಲ್ಲ. ಬೇಕಿದ್ರೆ ನಮ್ಮೋನು ಕುಡಿದು ತೋರಿಸ್ತಾನೆ!" ಧಣಿ ಲೋಟ ಅದ್ದಿ ನನ್ನ ಕೈಗಿಟ್ಟ. "ಕುಡಿಯೋ!"

ಲೋಟ ನೋಡಿದೆ. ಏಳು ವರ್ಷ ಆ ಮಕ್ಕಳು ಇದರಲ್ಲೇ ಕಾಲಿಟ್ಟು ನಡೆದಿದ್ದರು. ಅವರ ಅಪ್ಪಂದಿರ ಬಾಯಿ ಮುಚ್ಚಿಸಿದವನು ನಾನು.

"ಕುಡಿಯಲ್ಲ."

"ಹಲ್ಲು ಉದುರಿಸ್ತೀನಿ!"

ಲೋಟವನ್ನು ಅವನ ಕೈಗೇ ವಾಪಸಿಟ್ಟೆ.

"ಉದುರಿಸಿ ಧಣಿ. ಬೆಳ್ಳಗಿರೋವಾಗ್ಲೇ ಉದುರ್ಲಿ."