ಕಾಲುವೆ ದಂಡೆಯ ಗಿಂತಿ

ಬೊಲೆರೊ ಮತ್ತೆ ಗುದ್ದಿತು.

ಈ ಸಲ ಜೋರಾಗಿ. ಹಿಂದಿನ ಟ್ರೇಗಳಲ್ಲಿದ್ದ ಪಾವು, ಬನ್ನು, ಖಾರಿ ಎಲ್ಲ ಒಮ್ಮೆ ಎದ್ದು ಕೂತವು.

ಎಡಕ್ಕೆ ಕಾಲುವೆ. ದಂಡೆಯತನಕ ನೀರು. ಬಲಕ್ಕೆ ಲಿಂಬೆ ತೋಟದ ಮುಳ್ಳುತಂತಿ. ನಡುವೆ ನಮ್ಮ ಚೋಟಾ ಹಾಥಿ ಗಾಡಿ... ಹೆಸರಿಗೆ ಆನೆ, ಓಟದಲ್ಲಿ ಎಮ್ಮೆ.

"ಚಾಚಾ, ಗಟ್ಟಿ ಹಿಡ್ಕೊಳ್ರಿ."

"ಏನ್ ಹಿಡ್ಕೊಳ್ಳಿ ಅಕ್ಕಾರ?"

"ಜೀವಾ."

ಪಕ್ಕದ ಸೀಟಿನಲ್ಲಿ ಗೈಬುಸಾಬ ಚಾಚಾ. ಒಂದು ಕಾಲಕ್ಕೆ ಈ ಸೀಮೆಯ ತಿಜೋರಿಗಳೆಲ್ಲ ಅವರ ಬೆರಳಿಗೆ ಹೆದರುತ್ತಿದ್ದವು. ಈಗ ಆ ಬೆರಳ ತುಂಬ ಮೈದಾ ಹಿಟ್ಟು. ಜೈಲಿನ ಬೇಕರಿಯಲ್ಲಿ ಕಲಿತ ಕಸುಬು.

ನಾನು ಭಾಗ್ಯಜ್ಯೋತಿ. ಮೊದಲು ಜೈಲಿನಲ್ಲಿ ವಾರ್ಡರ್ ಆಗಿದ್ದೆ. ಈಗ ಬಸವನ ಬಾಗೇವಾಡಿಯ ಒಂದು ಕೇಂದ್ರದಲ್ಲಿ ಕೆಲಸ. ಬಿಡುಗಡೆಯಾಗಿ ಬಂದವರಿಗೆ ಉದ್ಯೋಗ, ಕೋಣೆ, ಆಧಾರ್ ಕಾರ್ಡು ಹೊಂದಿಸಿಕೊಡುವುದು. ಬೇಕರಿಯೂ ನಮ್ಮದೇ. ಆಗ ಅವರು ಓಡಿಹೋಗದಂತೆ ಕಾಯುತ್ತಿದ್ದೆ. ಈಗ ವಾಪಸ್ ಹೋಗದಂತೆ ಕಾಯುತ್ತೇನೆ. ಎರಡನೆಯದೇ ಕಷ್ಟ ನೋಡಿ.

ಚಾಚಾ ಸನ್ನಡತೆಯ ಮೇಲೆ ಅವಧಿಗೆ ಮೊದಲೇ ಹೊರಬಂದವರು. ಉಳಿದ ಶಿಕ್ಷೆ ತಲೆಯ ಮೇಲೆ ತೂಗುತ್ತಲೇ ಇತ್ತು. ಹಳೆಯ ಸಹವಾಸದಲ್ಲಿ ಪೊಲೀಸರ ಕಣ್ಣಿಗೆ ಬಿದ್ದರೆ ಸಾಕು... ಮರಳಿ ಒಳಗೆ.

ಅಗರಖೇಡದಲ್ಲಿ ಮಗಳು ಶಾಹಿಸ್ತಾ ಅಪ್ಪನ ಕೋಣೆಗೆ ಸುಣ್ಣ ಬಳಿದು ಕಾಯುತ್ತಿದ್ದಳು. ಇಂಡಿಯ ಅಂಗಡಿಗಳಿಗೆ ಬ್ರೆಡ್ ಇಳಿಸಿ, ಹಾಗೇ ಅವರನ್ನು ಮನೆ ಮುಟ್ಟಿಸಿ ಬರುವುದು ನನ್ನ ಕೆಲಸ.

ಜೈಲಿನಲ್ಲಿ ಅವರನ್ನು ಉಸ್ತಾದ ಅನ್ನುತ್ತಿದ್ದ ಹುಡುಗರು ಬೊಲೆರೊ ತಗೊಂಡು ಬೆನ್ನಿಗೇ ಬಿದ್ದಿದ್ದರು.

ಫೋನು ರಿಂಗಾಯಿತು. ಸ್ಪೀಕರಿಗೆ ಹಾಕಿದೆ.

"ಅಕ್ಕಾರ, ಆರಾಮ ಅದೀರಿ?"

ಪ್ರೇಮಕುಮಾರ. ಇವನಿಗೂ ನಾನೇ ಸಿಂದಗಿಯಲ್ಲಿ ಟೇಲರ್ ಅಂಗಡಿ ಹುಡುಕಿಕೊಟ್ಟಿದ್ದೆ. ಬ್ಲೌಸ್ ಹೊಲಿಯುವ ಬದಲು ಗ್ಯಾಂಗು ಹೊಲಿದ.

"ನೀ ಬಂದ್ ಗುದ್ದೋತನಕ ಆರಾಮ ಇದ್ನೆಪಾ."

"ಉಸ್ತಾದನ್ನ ಒಂದ್ ತಾಸು ಕಡಾ ಕೊಡ್ರಿ. ಇಂಡಿಯಾಗ ಒಬ್ಬ ಲಿಂಬಿ ವ್ಯಾಪಾರಿ ತಿಜೋರಿ ಐತಿ. ತಗದ್ ಕೊಟ್ರ ನಾವ ಅಗರಖೇಡಕ್ಕ ಬಿಟ್ ಬರ್ತೇವಿ."

"ಕಡಾ ಕೊಡಾಕ ಅವ್ರೇನ್ ನಿಚ್ಚಣಿಕಿ ಏನ? ಪೊಲೀಸರಿಗೆ ಫೋನ್ ಹಚ್ಚತೇನಿ ನೋಡು."

"ಹಚ್ರೆಲ್ಲ. ಉಸ್ತಾದ ನಮ್ ಜೋಡೀನ ಬಂದಾನ ಅಂತ ಹೇಳ್ತೇನಿ. ನಮಗ ಒಳಗ ಹೋಗಿ ಬರೋದು ರೂಢಿ ಐತಿ. ಮುದುಕಂದು ಹ್ಯಾಂಗ್ ನೋಡ್ರಿ."

ಹುಡುಗ ಸರಿಯಾದ ಕಡೆಯೇ ಕತ್ತು ಹಿಡಿದಿದ್ದ. ಪೊಲೀಸರನ್ನು ಕರೆದರೆ ಚಾಚಾ ಮುಳುಗಿದರು. ಕರೆಯದಿದ್ದರೂ ಮುಳುಗಿದರು.

ಆಕ್ಸಿಲರೇಟರ್ ಒತ್ತಿದೆ. ಗಾಡಿ ಕೆಮ್ಮಿತು. ಸೀಟಿನ ಕೆಳಗಿನಿಂದ ಹೊಗೆ ಎದ್ದಿತು. ತಿರುವಿನಲ್ಲಿ ಆನೆ ಮಲಗಿಯೇ ಬಿಟ್ಟಿತು.

ಬೊಲೆರೊ ಹಿಂದೆ ಬಂದು ನಿಂತಿತು. ಮೂವರು ಇಳಿದರು. ಪ್ರೇಮಕುಮಾರನ ಕೈಯಲ್ಲಿ ಕಬ್ಬಿಣದ ರಾಡು. ಸುನೀಲಕುಮಾರನ ಕೈಯಲ್ಲಿ ಚಾಕು. ಡ್ರೈವರ್ ತೌಸಿಫನ ಕೈಯಲ್ಲಿ ಗುಟ್ಕಾ ಚೀಟು. ಮೂವರೂ ಜೈಲಿನಲ್ಲಿ ನಾನು ಕಾಯುತ್ತಿದ್ದ ಒಂದೇ ಬ್ಯಾರಕ್ಕಿನಿಂದ ಬಂದವರು.

ನಾನೂ ಇಳಿದೆ. ಕೀಲಿಗೊಂಚಲು ಕಿತ್ತುಕೊಂಡೇ ಇಳಿದೆ.

"ಇಳೀರಿ ಉಸ್ತಾದ," ಅಂದ ಪ್ರೇಮಕುಮಾರ.

ಚಾಚಾ ಕೂತಲ್ಲೇ ಕೂತಿದ್ದರು.

"ಯಾಕ, ಹೆದರಿಕಿ ಆಗ್ತೈತೇನು?"

"ಬಾಗಲಾ ಯಾರರೆ ತಗೀರಿ. ಇಷ್ಟ್ ವರ್ಷ ಒಳಗಿದ್ದು ನಾನಾಗೇ ತಗದ್ ರೂಢಿ ಇಲ್ಲ."

ಸುನೀಲಕುಮಾರ ಹೋಗಿ ಬಾಗಿಲು ತೆಗೆದ. ಚಾಚಾ "ಶುಕ್ರಿಯಾ" ಅಂದು ಇಳಿದರು. ನಿಂತು ಹೇಳಿದರು.

"ನಾ ಆ ಕೆಲಸಾ ಮಾಡಂಗಿಲ್ಲ."

ಪ್ರೇಮಕುಮಾರ ರಾಡಿನ ತುದಿಯಿಂದ ನನ್ನ ಹೆಗಲು ಮುಟ್ಟಿದ. ಮೆಲ್ಲಗೆ ನೀರಿನ ಕಡೆ ನೂಕಿದ. ನನ್ನ ಹಿಮ್ಮಡಿಯ ಕೆಳಗಿನ ಮಣ್ಣು ಜಾರಿ ಕಾಲುವೆಗೆ ಬಿತ್ತು.

"ಅಕ್ಕಾರಿಗೆ ಈಸ ಬರ್ತೈತೇನು ಉಸ್ತಾದ?"

ಬರುವುದಿಲ್ಲ. ಅದು ಚಾಚಾನಿಗೂ ಗೊತ್ತಿತ್ತು. ಅವರ ಭುಜ ಇಳಿದುಹೋಯಿತು.

"ಆಕೀನ್ ಬಿಡ್ರಿ. ಬರ್ತೇನಿ." ನನ್ನತ್ತ ತಿರುಗಿದರು. "ಶಾಹಿಸ್ತಾಗ ಹೇಳ್ರಿ ಅಕ್ಕಾರ... ಬ್ಯಾಡ ಬಿಡ್ರಿ. ಏನಂತ ಹೇಳ್ತೀರಿ."

ಆಗ ನನಗೆ ಸಿಟ್ಟು ಬಂತು.

ಕೈಯಲ್ಲಿ ಆಯುಧ ಇರಲಿಲ್ಲ. ಕೀಲಿಗೊಂಚಲು ಇತ್ತು. ಅದರಲ್ಲಿ ವಾರ್ಡರ್ ಕಾಲದ ಸೀಟಿ ಇತ್ತು.

ಉಸಿರೆಲ್ಲ ಸೇರಿಸಿ ಊದಿದೆ. ಹೊಟ್ಟೆಯಾಳದಿಂದ ಕೂಗಿದೆ.

"ಗಿಂತೀ... ಜೋಡಿ ಕೂಡ್ರೀ!"

ನಿಮಗೆ ಇದು ಗೊತ್ತಿರಲಿಕ್ಕಿಲ್ಲ. ಬೀಗ ಹಾಕುವ ಮೊದಲು ಜೈಲಿನಲ್ಲಿ ತಲೆ ಎಣಿಸುತ್ತೇವೆ. ಅದೇ ಗಿಂತಿ. ಸೀಟಿ ಬಿತ್ತೆಂದರೆ ಎಲ್ಲಿದ್ದವರು ಅಲ್ಲೇ, ಇಬ್ಬಿಬ್ಬರಾಗಿ ಕುಕ್ಕರಗಾಲಲ್ಲಿ ಕೂರಬೇಕು. ತಲೆ ತಗ್ಗಿಸಬೇಕು. ಲೆಕ್ಕ ಬರಾಬರ್ ಅನ್ನುವತನಕ ಏಳುವ ಹಾಗಿಲ್ಲ. ವರ್ಷಗಟ್ಟಲೆ ಇದನ್ನು ಮಾಡಿದವನ ಮೊಣಕಾಲು ಮೆದುಳನ್ನು ಕೇಳುವುದೇ ಇಲ್ಲ.

ಎಲ್ಲರಿಗಿಂತ ಮೊದಲು ಕೂತವನು ಪ್ರೇಮಕುಮಾರ. ರಾಡನ್ನು ನೀಟಾಗಿ ಪಕ್ಕಕ್ಕಿಟ್ಟು ಕೂತ. ಸುನೀಲಕುಮಾರ ಅವನ ಜೋಡಿಯಾದ. ತೌಸಿಫನಿಗೆ ಜೋಡಿ ಇಲ್ಲ. ಗಾಬರಿಯಾಗಿ ಆಚೆ ಈಚೆ ನೋಡಿದ. ಚಾಚಾ ಓಡಿಬಂದು ಅವನ ಪಕ್ಕ ಕೂತರು.

"ಸರಕೊಳೋ," ಅಂದರು.

ನಾನು ಹೊತ್ತು ಕಳೆಯಲಿಲ್ಲ. ಬೊಲೆರೊದ ಕೀಲಿ ಕಿತ್ತು ಕಾಲುವೆಗೆ ಎಸೆದೆ. ಡುಬುಕ್. ರಾಡು... ಡುಬುಕ್. ಚಾಕು ಸುನೀಲಕುಮಾರನ ಕಾಲಬಳಿ ಇತ್ತು.

"ತಲಿ ತಗ್ಗಸೋ ಸುನೀಲ್ಯಾ."

ತಗ್ಗಿಸಿದ. ಚಾಕೂ ಡುಬುಕ್.

ಮೊಬೈಲ್ ಎತ್ತಿ ಅವರತ್ತ ಹಿಡಿದು ನಿಂತೆ.

ಪ್ರೇಮಕುಮಾರನ ತಲೆ ನಿಧಾನವಾಗಿ ಮೇಲೆ ಬಂತು.

"ಅಕ್ಕಾರ... ನಾವ್ ಹೊರಗ ಅದೇವಲ್ರಿ."

"ಹೌದಪಾ. ನನ್ನ ಮೊಬೈಲಿನ್ಯಾಗೂ ಅದೀರಿ."

ತೌಸಿಫನಿಗೆ ನಗು ತಡೆಯಲಾಗಲಿಲ್ಲ. "ಅಣ್ಣಾ, ಎಲ್ಲಾರ್ಕಿಂತ ಮೊದಲ ನೀನ ಕುಂತೀ."

"ಬಾಯಿ ಮುಚ್ಚಲೇ."

"ರಾಡೂ ಸೈಡಿಗೆ ಇಟ್ಟೆಲ್ಲ, ಶಾಣ್ಯಾ ಕೈದಿಗತೆ."

ಸುನೀಲಕುಮಾರ ಮುಖ ತಿರುವಿಕೊಂಡ. ಅವನ ಹೆಗಲೂ ಕುಣಿಯುತ್ತಿತ್ತು.

ನಾನು ಪ್ರೇಮಕುಮಾರನ ಮುಂದೆ ಬಗ್ಗಿ, ಮಗುವಿಗೆ ಔಷಧಿ ಕುಡಿಸುವ ದನಿಯಲ್ಲಿ ಹೇಳಿದೆ.

"ನೋಡ್ ತಮ್ಮಾ. ಇನ್ನ ಚಾಚಾನ ಹೆಸರ ನಿನ್ನ ಬಾಯಾಗ ಬಂತಂದ್ರ, ಈ ವಿಡಿಯೋ ಸಿಂದಗಿಯಿಂದ ಮುದ್ದೇಬಿಹಾಳತನಕ ಒಂದ್ ಗ್ರೂಪೂ ಬಿಡಂಗಿಲ್ಲ. ಹೆಣ್ಮಗಳ ಸೀಟಿಗೆ ಕುಕ್ಕರಗಾಲ ಹಾಕಿದ ದಾದಾ ಅಂತ ಕೆಳಗ ಬರೀತೇನಿ."

ಅವನ ಮುಖ ನಮ್ಮ ಮೈದಾ ಹಿಟ್ಟಿನಷ್ಟೇ ಬೆಳ್ಳಗಾಯಿತು.

"ಹಂಗ್ ಮಾಡಬ್ಯಾಡ್ರಿ ಅಕ್ಕಾರ. ಬಜಾರದಾಗ ಮಾರಿ ತೋರ್ಸಾಕ ಆಗಂಗಿಲ್ಲ."

"ಹಂಗಾರ ಏಳ್ರಿ. ರೇಡಿಯೇಟರಿಗೆ ನೀರ್ ಹಾಕ್ರಿ. ಗಾಡಿ ನೂಕ್ರಿ."

ಹಾಕಿದರು. ನೂಕಿದರು.

ಚಾಚಾ ಮಾತ್ರ ಇನ್ನೂ ಕೂತೇ ಇದ್ದರು, ತಲೆ ತಗ್ಗಿಸಿಕೊಂಡು. ಹತ್ತಿರ ಹೋಗಿ ಮೆಲ್ಲಗೆ "ಬರಾಬರ್" ಅಂದೆ. ಎದ್ದು ಪ್ಯಾಂಟಿನ ಮಣ್ಣು ಝಾಡಿಸಿಕೊಂಡರು.

"ನನಗೂ ಗೊತ್ತಿತ್ತ್ರಿ ಇದು ಖರೇ ಗಿಂತಿ ಅಲ್ಲಂತ. ಆದ್ರ ಹುಡುಗಗ ಜೋಡಿ ಇದ್ದಿಲ್ಲ..."

ನಾನು ನಂಬಲಿಲ್ಲ. ಗಾಡಿಯ ಬಾಗಿಲು ತೆಗೆದು ಹಿಡಿದೆ.

ಅಗರಖೇಡ ಮುಟ್ಟಿದಾಗ ಶಾಹಿಸ್ತಾ ಅಂಗಳದಲ್ಲಿ ನಿಂತಿದ್ದಳು. ಅಪ್ಪನ ಕೈಯಲ್ಲಿದ್ದ ಅಪ್ಪಚ್ಚಿಯಾದ ಪಾವಿನ ಪೊಟ್ಟಣ ತೆಗೆದುಕೊಂಡು ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ಚಾಚಾ ಕಣ್ಣು ಒರೆಸಿಕೊಂಡರು. ಸುಣ್ಣದ ವಾಸನೆಗೆ ಅಂತ ಹೇಳಿದರು.

ಈಗ ಅವರು ಇಂಡಿಯ ಒಂದು ಬೇಕರಿಯಲ್ಲಿದ್ದಾರೆ. ತೌಸಿಫ ನಮ್ಮ ಬ್ರೆಡ್ ಗಾಡಿ ಓಡಿಸುತ್ತಾನೆ. ಪ್ರೇಮಕುಮಾರ ಸಿಂದಗಿಯಲ್ಲಿ ತಲೆ ಎತ್ತದೆ ಬ್ಲೌಸ್ ಹೊಲಿಯುತ್ತಾನೆ. ನನ್ನ ಗಾಡಿ ಕಂಡರೆ ಎದ್ದು ನಿಂತು ನಮಸ್ಕಾರ ಮಾಡುತ್ತಾನೆ.

ಏನು, ಆ ವಿಡಿಯೋ ತೋರಿಸಿ ಅಂತೀರಾ?

ತೋರಿಸುತ್ತೇನೆ, ನೋಡಿ. ಶುರುವಿನಿಂದ ಕೊನೆಯತನಕ ನನ್ನ ಹೆಬ್ಬೆರಳು.